ರಾಣಿ ತಲೆಯ ಅರ್ಧ ಆಣೆ: ಹಳೆ ಅಂಚೆಚೀಟಿಗೆ ಬೆಲೆ ಎಲ್ಲಿಂದ ಬರುತ್ತದೆ?

ಈ ಹಾಲ್‌ನ ಮೆಟ್ಟಿಲು ಹತ್ತುವಾಗ ಒಬ್ಬರು ನನ್ನನ್ನು ನಿಲ್ಲಿಸಿದರು. ಪರ್ಸಿನಿಂದ ಸಣ್ಣದೊಂದು ಪ್ಲಾಸ್ಟಿಕ್ ಕವರ್ ತೆಗೆದರು. ಅದರೊಳಗೆ ಒಂದು ನೀಲಿ ಅಂಚೆಚೀಟಿ. ವಿಕ್ಟೋರಿಯಾ ರಾಣಿಯ ತಲೆ, ಅರ್ಧ ಆಣೆ. "ಸರ್, ಇದು ನಮ್ಮ ಮುತ್ತಜ್ಜನ ಕಾಲದ್ದು. ಇಂಥದ್ದಕ್ಕೆ ಕೋಟಿ ಬರುತ್ತೆ ಅಂತ ನಮ್ಮಕ್ಕನ ಮಗ ಮೊಬೈಲ್‌ನಲ್ಲಿ ತೋರಿಸಿದ" ಅಂದರು. ಅದನ್ನು ಅವರಿಂದ ಇಸಿದುಕೊಂಡು ಬಂದಿದ್ದೇನೆ. ಇಗೋ, ಈ ಮೇಜಿನ ಮೇಲಿದೆ. ಯಜಮಾನರು ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಕಣ್ಣು ನನ್ನ ಕೈಮೇಲೇ ಇದೆ.

ಕೋಟಿಯ ವಿಷಯ ಮೊದಲೇ ಹೇಳಿಬಿಡುತ್ತೇನೆ. ಬರುವುದಿಲ್ಲ. ಸಾವಿರವೂ ಬರುವುದಿಲ್ಲ. ಅಂಗಡಿಗೆ ಒಯ್ದರೆ ಒಂದು ಮಸಾಲೆ ದೋಸೆಯ ದುಡ್ಡು ಹುಟ್ಟಿದರೆ ಪುಣ್ಯ. ಆದರೆ ಇದಕ್ಕೆ ಬೆಲೆ ಯಾಕಿಲ್ಲ ಅಂತ ಗೊತ್ತಾದರೆ, ಇದರ ಪಕ್ಕದಲ್ಲೇ ಇದ್ದು ನಾವು ಎಸೆದುಬಿಡುವ ಇನ್ನೊಂದಕ್ಕೆ ಯಾಕಿದೆ ಅಂತಲೂ ಗೊತ್ತಾಗುತ್ತದೆ. ಅದಕ್ಕೇ ಇವತ್ತಿನ ಮಾತೆಲ್ಲ ಇದರ ಸುತ್ತಲೇ.

ಹಳೆಯದು ಅಂದ ತಕ್ಷಣ ಅಪರೂಪ ಅಂದುಕೊಳ್ಳುತ್ತೇವೆ, ಅಲ್ವಾ? ಜಗತ್ತಿನ ಮೊದಲ ಅಂಚೆಚೀಟಿ ಪೆನ್ನಿ ಬ್ಲ್ಯಾಕ್. ಇಂಗ್ಲೆಂಡಿನಲ್ಲಿ 1840ರ ಮೇ 6ರಂದು ಚಾಲ್ತಿಗೆ ಬಂತು. ಅದಕ್ಕಿಂತ ಹಳೆಯದು ಇಲ್ಲವೇ ಇಲ್ಲ. ಆದರೆ ಒಂದು ವರ್ಷ ಕಳೆಯುವುದರೊಳಗೆ 6 ಕೋಟಿ 80 ಲಕ್ಷಕ್ಕೂ ಹೆಚ್ಚು ಅಚ್ಚಾಗಿದ್ದವು. ಆಗಿನ ಕಾಗದವೇ ಮಡಚಿ ಲಕೋಟೆಯಾಗುತ್ತಿತ್ತು. ಹಾಗಾಗಿ ಕಾಗದ ಎತ್ತಿಟ್ಟವರ ಮನೆಯಲ್ಲಿ ಚೀಟಿಯೂ ಉಳಿಯಿತು. ಅಂಚು ಕತ್ತರಿಸಿಹೋದ, ಸೊರಗಿದ ಪೆನ್ನಿ ಬ್ಲ್ಯಾಕ್ ಒಂದನ್ನು ಇವತ್ತಿಗೂ ಕೆಲವೇ ಸಾವಿರ ರೂಪಾಯಿಗೆ ಕೊಳ್ಳಬಹುದು. ವಯಸ್ಸಿಗೆ ಬೆಲೆ ಕೊಡುವವರಿದ್ದಿದ್ದರೆ ಅದರ ಕಥೆಯೇ ಬೇರೆ ಇರುತ್ತಿತ್ತು.

ನಮ್ಮ ಅರ್ಧ ಆಣೆಯದೂ ಅದೇ ಹಣೆಬರಹ. ಇದು ದಿನಬಳಕೆಯ ಚೀಟಿ. 1854ರ ದರ ನೋಡಿ. ಕಾಲು ತೊಲ ತೂಕದ ಕಾಗದಕ್ಕೆ ಅರ್ಧ ಆಣೆ. ಕಾಲು ತೊಲ ಅಂದರೆ ಸುಮಾರು ಮೂರು ಗ್ರಾಂ. ತೆಳ್ಳನೆಯ ಒಂದು ಹಾಳೆ ಅಷ್ಟೆ. 1869ರಲ್ಲಿ ಅದೇ ದುಡ್ಡಿಗೆ ಅರ್ಧ ತೊಲ ಮಾಡಿದರು. ಊರೂರಿನ ವ್ಯಾಪಾರಿ, ವಕೀಲ, ತವರಿಗೆ ಕಾಗದ ಬರೆಸುವ ಹೆಣ್ಣುಮಗಳು, ಎಲ್ಲರೂ ಅಂಟಿಸಿದ್ದು ಇದನ್ನೇ. ರಾಶಿ ರಾಶಿ ಅಚ್ಚಾಯಿತು, ರಾಶಿ ರಾಶಿ ಉಳಿಯಿತು.

ಆದರೂ "ವಿಕ್ಟೋರಿಯಾ ಅರ್ಧ ಆಣೆ" ಅಂದರೆ ಒಂದೇ ಚೀಟಿ ಅಲ್ಲ. ಎಷ್ಟಕ್ಕೆ ಹೋಗುತ್ತೆ ಅಂತ ಕೇಳುವ ಮೊದಲು, ಇದು ಯಾವುದು ಅಂತ ಕೇಳಬೇಕು. ತೊಂಬತ್ತು ಭಾಗ ಜನ ಈ ಪ್ರಶ್ನೆಯನ್ನು ಹಾರಿಸಿಬಿಡುತ್ತಾರೆ.

ನಮ್ಮ ಕಡೆಯ ಮೊಟ್ಟಮೊದಲ ಅಂಚೆಚೀಟಿಯೂ ಅರ್ಧ ಆಣೆಯದೇ. 1852ರಲ್ಲಿ ಬಾರ್ಟಲ್ ಫ್ರೇರ್ ಅನ್ನುವ ಅಧಿಕಾರಿ ಸಿಂಧ್ ಪ್ರಾಂತ್ಯದಲ್ಲಿ ತಂದ "ಸಿಂಧ್ ಡಾಕ್". ಏಷ್ಯಾದಲ್ಲೇ ಮೊದಲನೆಯದು. ಕೆಂಪು, ಬಿಳಿ, ನೀಲಿ ಮೂರು ಬಗೆ. ಅದರಲ್ಲಿ ರಾಣಿಯ ತಲೆ ಇಲ್ಲ. ದುಂಡಗಿನ ಉಬ್ಬು ಗುರುತು ಅಷ್ಟೆ. ಕೆಂಪಿನದು ಅರಗಿನ ಬಿಲ್ಲೆಯ ಹಾಗಿತ್ತು, ಮುಟ್ಟಿದರೆ ಬಿರಿಯುತ್ತಿತ್ತು. ಅದು ನಿಮ್ಮ ಟ್ರಂಕಿನಲ್ಲಿ ಸಿಕ್ಕರೆ ನನಗೆ ಫೋನ್ ಮಾಡಿ, ನಾನೇ ಬಸ್ ಹತ್ತಿ ಬರುತ್ತೇನೆ.

ಇಡೀ ದೇಶಕ್ಕೆ ಅಂತ ಚೀಟಿ ಬಂದಿದ್ದು 1854ರ ಅಕ್ಟೋಬರ್ 1ಕ್ಕೆ. ಕಲ್ಕತ್ತೆಯ ಸರ್ವೆ ಕಚೇರಿಯಲ್ಲಿ ಕ್ಯಾಪ್ಟನ್ ಥುಲಿಯರ್ ಅನ್ನುವವರು ಕಲ್ಲಚ್ಚಿನಲ್ಲಿ ಹೊಡೆಸಿದರು. ಅರ್ಧ ಆಣೆ ನೀಲಿ, ಒಂದಾಣೆ ಕೆಂಪು. ಅವುಗಳನ್ನು ಗುರುತಿಸುವುದು ಸುಲಭ. ಅಂಚಿನಲ್ಲಿ ಹಲ್ಲಿಲ್ಲ, ಅಂದರೆ ಹರಿದುಕೊಳ್ಳಲು ತೂತಿನ ಸಾಲಿಲ್ಲ. ಕತ್ತರಿಯಲ್ಲಿ ಕತ್ತರಿಸಿ ಬಳಸಬೇಕಿತ್ತು. ಹಿಂದೆ ಗೋಂದೂ ಇರಲಿಲ್ಲ, ಅಂಟು ನೀವೇ ಹಚ್ಚಬೇಕು. ಮೇಲೆ "ಇಂಡಿಯಾ", ಕೆಳಗೆ "ಹಾಫ್ ಆನ್ನ" ಅಂತ ಇಂಗ್ಲಿಷಿನಲ್ಲಿದೆ. ಕಲ್ಲಚ್ಚು ಆದ್ದರಿಂದ ರಾಣಿಯ ಮುಖ ಸ್ವಲ್ಪ ಒರಟು, ಗೆರೆಗಳು ಕೈಯಲ್ಲಿ ಬರೆದ ಹಾಗೆ.

ಆಮೇಲಿನವು ಲಂಡನ್ನಿನ ಡಿ ಲಾ ರೂ ಕಂಪನಿ ಅಚ್ಚು ಹಾಕಿದವು. ಮುಖ ನುಣುಪು, ಗೆರೆ ಸೂಜಿಯಷ್ಟು ಸಣ್ಣ, ಅಂಚಿನಲ್ಲಿ ಹಲ್ಲು. "ಈಸ್ಟ್ ಇಂಡಿಯಾ ಪೋಸ್ಟೇಜ್" ಅನ್ನುವ ಬರಹ. 1880ರ ದಶಕ ಶುರುವಾಗುತ್ತಿದ್ದಂತೆ "ಈಸ್ಟ್" ಹೋಯಿತು, "ಇಂಡಿಯಾ ಪೋಸ್ಟೇಜ್" ಉಳಿಯಿತು, ಅರ್ಧ ಆಣೆಯ ನೀಲಿ ಹಸಿರಿಗೆ ತಿರುಗಿತು. 1902ರಿಂದ ಎಡ್ವರ್ಡ್ ರಾಜನ ತಲೆ, 1911ರಿಂದ ಐದನೇ ಜಾರ್ಜ್. ಅಂದರೆ ಚೀಟಿಯ ಮೇಲಿನ ನಾಲ್ಕು ಇಂಗ್ಲಿಷ್ ಪದ ಓದಿ, ಬಣ್ಣ ನೋಡಿದರೆ ಹತ್ತು-ಇಪ್ಪತ್ತು ವರ್ಷದ ಅಂತರದಲ್ಲಿ ಅದರ ಕಾಲ ಸಿಕ್ಕಿಬಿಡುತ್ತದೆ.

ಈ ಚೀಟಿ ನೋಡಿ. ನೀಲಿ. ಹಲ್ಲಿದೆ. "ಈಸ್ಟ್ ಇಂಡಿಯಾ" ಇದೆ. ಅಂದರೆ 1856ರಿಂದ 1880ರ ದಶಕದ ಆರಂಭದ ನಡುವಿನದು. ಇನ್ನೂ ಹತ್ತಿರ ಹೋಗಬಹುದಾ? ಹೋಗಬಹುದು. ಮುಂದಿನ ಸಾಲಿನವರು ಬೇಕಿದ್ದರೆ ಎದ್ದು ಬನ್ನಿ.

ಇದೊಂದು ಕಪ್ಪು ಬಟ್ಟಲು. ಚೀಟಿಯನ್ನು ಚಿಮಟದಲ್ಲಿ ಹಿಡಿದು ಬೋರಲು ಹಾಕುತ್ತೇನೆ. ಕೈಯಲ್ಲಿ ಮುಟ್ಟಬೇಡಿ, ಬೆರಳ ಎಣ್ಣೆ ಕಾಗದಕ್ಕೆ ಹತ್ತುತ್ತದೆ. ಇದರ ಮೇಲೆ ಸಿಗರೇಟ್ ಲೈಟರಿಗೆ ಹಾಕುವ ಪೆಟ್ರೋಲು ನಾಲ್ಕು ಹನಿ. ನೀರಲ್ಲ, ಪೆಟ್ರೋಲು. ಹತ್ತಿರ ಊದುಬತ್ತಿ ಸಹ ಇರಕೂಡದು. ಈಗ ಕಾಗದ ಒದ್ದೆಯಾಯಿತು, ಬೂದು ಬಣ್ಣಕ್ಕೆ ತಿರುಗಿತು. ನಡುವೆ ಏನೋ ಕಪ್ಪಗೆ ಮೂಡ್ತಾ ಇದೆಯಲ್ಲ? ಎರಡು ಕಿವಿ. ಕೆಳಗೆ ಸೊಂಡಿಲು. ಆನೆ ತಲೆ. ಇದೇ ವಾಟರ್‌ಮಾರ್ಕ್. ಕಾಗದ ತಯಾರಿಸುವಾಗಲೇ ಆ ಜಾಗದಲ್ಲಿ ತೆಳ್ಳಗೆ ಬಿಟ್ಟಿರುತ್ತಾರೆ. ಎಣಿಸಿ ಹತ್ತು ಸೆಕೆಂಡು, ಪೆಟ್ರೋಲು ಆರಿತು, ಆನೆಯೂ ಹೋಯಿತು. ನಲವತ್ತು ವರ್ಷದಿಂದ ನೋಡುತ್ತಿದ್ದೇನೆ, ಆ ಆನೆ ಬರುವಾಗ ಈಗಲೂ ಉಸಿರು ಹಿಡಿಯುತ್ತೇನೆ.

ಆನೆ ತಲೆಯ ಕಾಗದ ಬಂದಿದ್ದು 1865ರಲ್ಲಿ. ಅದಕ್ಕೆ ಮೊದಲಿನ ಡಿ ಲಾ ರೂ ಅಚ್ಚಿನವಕ್ಕೆ ವಾಟರ್‌ಮಾರ್ಕ್ ಇಲ್ಲ. ಹಸಿರು ಅರ್ಧ ಆಣೆಯ ಕಾಲಕ್ಕೆ ಆನೆ ಹೋಗಿ ನಕ್ಷತ್ರ ಬಂತು. ಹಾಗಾಗಿ ಇದು 1865ರ ನಂತರದ್ದು. ಮುತ್ತಜ್ಜನ ಕಾಲದ್ದು ಅಂದಿರಲ್ಲ, ಸುಳ್ಳಲ್ಲ.

ಒಂದು ಎಚ್ಚರಿಕೆ. ಈ ಪೆಟ್ರೋಲಿನ ಆಟ ಎಲ್ಲ ಚೀಟಿಗೂ ಅಲ್ಲ. ಇಪ್ಪತ್ತನೇ ಶತಮಾನದ ಕೆಲವು ಶಾಯಿಗಳು ಅದರಲ್ಲಿ ಕರಗುತ್ತವೆ. ಮೊದಲು ಬೆಲೆಯಿಲ್ಲದ ಒಂದರ ಮೇಲೆ ಪರೀಕ್ಷಿಸಿ.

ಇನ್ನು ಹಲ್ಲು. ದನದ ಜಾತ್ರೆಯಲ್ಲಿ ಎತ್ತು ಕೊಳ್ಳುವವರು ಮೊದಲು ಬಾಯಿ ತೆರೆಸಿ ಹಲ್ಲು ನೋಡುತ್ತಾರಲ್ಲ? ನಾವೂ ಹಾಗೇ. ಎರಡು ಸೆಂಟಿಮೀಟರ್ ಉದ್ದದಲ್ಲಿ ಎಷ್ಟು ತೂತು ಇವೆ ಅಂತ ಎಣಿಸುತ್ತೇವೆ. ಅದಕ್ಕೊಂದು ಅಳತೆಪಟ್ಟಿ ಸಿಗುತ್ತದೆ. ಈ ಚೀಟಿಯದು 14. ಸರಿಯಾಗಿದೆ.

ಹಲ್ಲು ಎಣಿಸುವುದು ಸುಮ್ನೆ ಹುಚ್ಚು ಅನ್ನುವವರಿಗೆ ನನ್ನದೇ ಒಂದು ಕಥೆ ಹೇಳುತ್ತೇನೆ. 1948ರ ಆಗಸ್ಟ್ 15ಕ್ಕೆ ಗಾಂಧೀಜಿಯ ನಾಲ್ಕು ಚೀಟಿ ಬಂದವು. ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡಾಣೆ, ಹತ್ತು ರೂಪಾಯಿ. ಸ್ವಿಟ್ಜರ್ಲೆಂಡಿನ ಕೂರ್ವಾಜಿಯೆ ಮುದ್ರಣಾಲಯದಲ್ಲಿ ಅಚ್ಚಾದವು. ಹಿಂದಿ, ಉರ್ದು ಎರಡರಲ್ಲೂ "ಬಾಪು" ಅಂತಿದೆ. ಹತ್ತು ರೂಪಾಯಿಯದು ಆಗಿನ ಕಾಲಕ್ಕೆ ದೊಡ್ಡ ದುಡ್ಡು, ಕೊಂಡವರು ಕಡಿಮೆ. ನಾನು ನೌಕರಿಗೆ ಸೇರಿದ ಹೊಸದರಲ್ಲಿ ಒಬ್ಬರ ಹತ್ತಿರ ಬಳಸಿದ ಹತ್ತು ರೂಪಾಯಿ ಗಾಂಧಿ ಸಿಕ್ಕಿತು. ಮೇಲೆ ಅಂಚೆ ಕಚೇರಿಯ ಚೆಂದದ ಠಸ್ಸೆ. ಅರ್ಧ ತಿಂಗಳ ಸಂಬಳ ಕೊಟ್ಟೆ. ಮನೆಗೆ ಬಂದು ಅಳತೆಪಟ್ಟಿ ಮೇಲಿಟ್ಟೆ. ಆ ನಾಲ್ಕೂ ಚೀಟಿಯ ಹಲ್ಲು 11½ ಇರಬೇಕು. ನನ್ನದು ಆ ಗೆರೆಗೆ ಕೂರಲೇ ಇಲ್ಲ. ಎಡಕ್ಕೆ ಸರಿಸಿದೆ, ಬಲಕ್ಕೆ ಸರಿಸಿದೆ. ಭೂತಗನ್ನಡಿಯಲ್ಲಿ ನೋಡಿದರೆ ಗಾಂಧೀಜಿಯ ಕೆನ್ನೆ ತುಂಬ ಕ್ಯಾಲೆಂಡರಿನ ಚಿತ್ರದಲ್ಲಿರುವಂಥ ಚುಕ್ಕೆ. ಚೀಟಿಯೂ ನಕಲಿ, ಠಸ್ಸೆಯೂ ನಕಲಿ. ಆ ದಪ್ಪ ಠಸ್ಸೆ ಹಾಕಿದ್ದೇ ಅಚ್ಚಿನ ದೋಷ ಮುಚ್ಚಲಿಕ್ಕೆ. ಮನೆಯಲ್ಲಿ ಎಷ್ಟು ಕೊಟ್ಟೆ ಅಂತ ಇವತ್ತಿಗೂ ಹೇಳಿಲ್ಲ. ನಮ್ಮ ಮನೆಯವರು ಈ ಸಭೆಗೆ ಬಂದಿಲ್ಲ, ಅದಕ್ಕೇ ಹೇಳಿದೆ.

ಅದೇ ಗಾಂಧಿ ಚೀಟಿಗಳ ಮೇಲೆ "ಸರ್ವಿಸ್" ಅಂತ ಮೇಲಚ್ಚು ಹಾಕಿದ್ದೂ ಇವೆ. ಗವರ್ನರ್ ಜನರಲ್ ಕಚೇರಿಯ ಬಳಕೆಗೆ ಅಂತ ಬರೀ ನೂರು ಸೆಟ್ ಮಾಡಿದ್ದರು. ಹತ್ತು ರೂಪಾಯಿಯ ನಾಲ್ಕು ಚೀಟಿಗಳ ಒಂದು ಪಟ್ಟಿ 2017ರಲ್ಲಿ ಐದು ಲಕ್ಷ ಪೌಂಡಿಗೆ ಹೋಯಿತು. ಮೊಬೈಲಿನಲ್ಲಿ ತಿರುಗುವ "ಕೋಟಿ"ಯ ಮೂಲ ಬಹುಶಃ ಇಂಥ ಸುದ್ದಿಗಳೇ. ಈಗ ಯೋಚಿಸಿ. ಸಾಮಾನ್ಯ ಗಾಂಧಿ ಚೀಟಿಯ ಮೇಲೆ ಕಪ್ಪು ಶಾಯಿಯಲ್ಲಿ ಏಳು ಇಂಗ್ಲಿಷ್ ಅಕ್ಷರ ಒತ್ತುವುದು ಎಷ್ಟು ಹೊತ್ತಿನ ಕೆಲಸ? ಯಾರಾದರೂ ತೋರಿಸಿದರೆ ಮೊದಲು ಕೈ ಹಿಂದಕ್ಕೆ ಕಟ್ಟಿಕೊಳ್ಳಿ.

ತಪ್ಪು ಅಚ್ಚಾಗಿದ್ದರೆ ಜಾಸ್ತಿ ಬೆಲೆ ಅನ್ನುವ ಮಾತೂ ಕೇಳಿರುತ್ತೀರಿ. ಅರ್ಧ ನಿಜ. 1854ರ ನಾಲ್ಕಾಣೆ ಚೀಟಿಗೆ ಎರಡು ಬಣ್ಣ. ಕೆಂಪು ಚೌಕಟ್ಟು, ನೀಲಿ ತಲೆ. ಹಾಳೆ ಎರಡು ಸಲ ಅಚ್ಚಿಗೆ ಹೋಗಬೇಕು. ಎರಡನೇ ಸಲ ಕೆಲವು ಹಾಳೆ ತಿರುಗಾಮುರುಗಾ ಆದವು. ರಾಣಿಯ ತಲೆ ಕೆಳಗಾಯಿತು. ಅದು ಜಗತ್ತಿನ ಹೆಸರಾಂತ ಚೀಟಿಗಳಲ್ಲಿ ಒಂದು. ಅಲ್ಲೂ ಒಂದು ನೋವಿದೆ. ಆ ಚೀಟಿಯ ಚೌಕಟ್ಟು ಎಂಟು ಮೂಲೆಯದು. ಹಲ್ಲಿಲ್ಲದ್ದರಿಂದ ಜನ ಕತ್ತರಿಯಲ್ಲಿ ಆ ಎಂಟು ಮೂಲೆಗೆ ಸರಿಯಾಗಿ ಕತ್ತರಿಸಿ ಅಂಟಿಸುತ್ತಿದ್ದರು. ಹಾಗೆ ಅಂದ ಮಾಡಿದವರೆಲ್ಲ ಬೆಲೆಯನ್ನೂ ಕತ್ತರಿಸಿ ಎಸೆದರು. ಸುತ್ತ ಬಿಳಿ ಜಾಗ ಬಿಟ್ಟು ಚೌಕವಾಗಿ ಕತ್ತರಿಸಿದ ಸೋಮಾರಿಗಳೇ ಗೆದ್ದರು.

ಇನ್ನೊಂದು ತಪ್ಪು ನೋಡಿ. 1949ರ ಆಗಸ್ಟ್ 15ಕ್ಕೆ ಬಂದ ಸ್ಮಾರಕಗಳ ಸರಣಿ. ನಮ್ಮ ವಿಜಯಪುರದ ಗೋಳಗುಮ್ಮಟ ಆರಾಣೆಯ ಚೀಟಿಯಲ್ಲಿದೆ. ಒಂದಾಣೆಯದು ಬೋಧಿಸತ್ವ. ಆ ಮೂರ್ತಿಯ ಚಿತ್ರ ಎಡಬಲ ಅದಲುಬದಲಾಗಿ ಅಚ್ಚಾಗಿಬಿಟ್ಟಿತ್ತು, ಕನ್ನಡಿಯಲ್ಲಿ ನೋಡಿದ ಹಾಗೆ. 1950ರಲ್ಲಿ ತಿದ್ದಿದರು. ಕೋಟಿಗೆ ಆಸೆಪಟ್ಟು ಈ ಬೋಧಿಸತ್ವನನ್ನು ತರುವವರು ನನ್ನಲ್ಲಿಗೆ ವರ್ಷಕ್ಕೆ ನಾಲ್ಕು ಮಂದಿ ಬರುತ್ತಾರೆ. ತಪ್ಪೇನೋ ಹೌದು. ಆದರೆ ಆ ತಪ್ಪನ್ನೇ ದೇಶಕ್ಕೆಲ್ಲ ಹಂಚಿದ್ದರು! ನಾಲ್ಕು ಕಾಸಿಗೆ ಸಿಗುತ್ತದೆ. ಎರಡನ್ನೂ ಪಕ್ಕಪಕ್ಕ ಅಂಟಿಸಿಟ್ಟರೆ ಮಕ್ಕಳಿಗೆ ತೋರಿಸಲು ಚೆಂದ, ಅಷ್ಟೆ.

ಚೀಟಿಯ ಸ್ಥಿತಿ ಬಗ್ಗೆ ಹೆಚ್ಚು ಹೇಳುವುದಿಲ್ಲ. ನೀವೇ ನೋಡಿ ಕಲಿಯುವಂಥದ್ದು. ಹಿಂಬದಿ ತಿರುಗಿಸಿ. ಕಿತ್ತ ಜಾಗದಲ್ಲಿ ಕಾಗದ ತೆಳ್ಳಗಾಗಿದೆಯಾ? ಹಲ್ಲು ಮುರಿದಿದೆಯಾ? ಮೂಲೆ ಮಡಚಿದೆಯಾ? ಮಲೆನಾಡು, ಕರಾವಳಿಯ ಮನೆಗಳಲ್ಲಾದರೆ ತುಕ್ಕಿನ ಬಣ್ಣದ ಚುಕ್ಕೆ. ಅದು ಮಳೆಗಾಲದ ತೇವದಿಂದ ಹತ್ತುವ ಬೂಷ್ಟು, ಪಕ್ಕದ ಚೀಟಿಗೂ ಹಬ್ಬುತ್ತದೆ. ಸೆಲೋ ಟೇಪ್ ಅಂಟಿಸಿದ್ದರೆ ಹಳದಿ ಕಲೆ, ಅದಂತೂ ಹೋಗುವುದಿಲ್ಲ. ಇಂಥ ಒಂದು ದೋಷವಿದ್ದರೆ ಬೆಲೆ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಎರಡು ಮೂರು ಇದ್ದರೆ ಲೆಕ್ಕ ಹಾಕುವುದೇ ಬೇಡ. ಹಾಂ, ಬಣ್ಣ ಬೇರೆ ಕಂಡರೆ ಹೊಸ ಬಗೆ ಸಿಕ್ಕಿತು ಅಂತ ಕುಣಿಯಬೇಡಿ. ಬಿಸಿಲು, ಸೋಪು ಎರಡೂ ಹಸಿರನ್ನು ನೀಲಿ ಮಾಡಬಲ್ಲವು.

ಈಗ ನಾನು ನಿಜವಾಗಿ ಹೇಳಬೇಕೆಂದು ಬಂದ ವಿಷಯ. ಠಸ್ಸೆ.

ಬಳಸಿದ ಚೀಟಿ ಅಂದರೆ ಕೆಟ್ಟುಹೋದ ಚೀಟಿ, ಠಸ್ಸೆ ಅಂದರೆ ಮಸಿ ಅಂತ ನಮ್ಮ ತಲೆಯಲ್ಲಿ ಕೂತಿದೆ. ಹೊಸ ಚೀಟಿಗೆ ಬೆಲೆ ಹೆಚ್ಚು ಅನ್ನುವುದು ಬಹಳ ಸಲ ನಿಜವೂ ಹೌದು. ಆದರೆ ಹೊಸ ಚೀಟಿ ಬರೀ ಚೀಟಿ. ಬಳಸಿದ ಚೀಟಿಗೆ ಊರಿದೆ, ತಾರೀಕಿದೆ. ಅಂಗಡಿಯಲ್ಲಿ ಕೂತ ಪಾತ್ರೆಗೂ ಮನೆಯಲ್ಲಿ ಅಜ್ಜಿ ಹೆಸರು ಕೆತ್ತಿಸಿದ ಪಾತ್ರೆಗೂ ಇರುವ ವ್ಯತ್ಯಾಸ ಇದು.

ಇದೇ ನೀಲಿ ಅರ್ಧ ಆಣೆಯನ್ನು ತೆಗೆದುಕೊಳ್ಳಿ. ಆ ಕಾಲದಲ್ಲಿ ಅಂಚೆ ಕಚೇರಿಗಳಿಗೆ ನಂಬರ್ ಕೊಟ್ಟಿದ್ದರು. ಊರ ಹೆಸರಿನ ಬದಲು ಅಕ್ಷರ, ನಂಬರ್ ಇರುವ ಠಸ್ಸೆ ಒತ್ತುತ್ತಿದ್ದರು. ಸಿಂಗಪುರ, ಪೆನಾಂಗ್, ಮಲಕ್ಕಾ ಆಗ ಕಲ್ಕತ್ತೆಯ ಆಡಳಿತದಲ್ಲಿದ್ದವು. ಅಲ್ಲಿಯೂ 1867ರವರೆಗೆ ಭಾರತದ ಚೀಟಿಯೇ. ಹಾಗಾಗಿ ಠಸ್ಸೆಯಲ್ಲಿ ಇಂಗ್ಲಿಷಿನ ಬಿ ಅಕ್ಷರ, ಕೆಳಗೆ 172 ಅಂತಿದ್ದರೆ ಅದು ಸಿಂಗಪುರ. 147 ಇದ್ದರೆ ಪೆನಾಂಗ್, 109 ಇದ್ದರೆ ಮಲಕ್ಕಾ. ಚೀಟಿ ಅದೇ, ಬಣ್ಣ ಅದೇ, ರಾಣಿ ಅದೇ. ಬೆಲೆ ಮಾತ್ರ ಹತ್ತಾರು ಪಟ್ಟು. ಏಡನ್, ಬರ್ಮಾಗಳಲ್ಲಿ 1937ರವರೆಗೆ ನಮ್ಮ ಅಂಚೆ ಇಲಾಖೆಯೇ ಇತ್ತು. ಜಾಂಜಿಬಾರ್, ಮಸ್ಕತ್, ಬಹರೇನ್‌ಗಳಲ್ಲೂ ಭಾರತದ ಅಂಚೆ ಕಚೇರಿ ಇದ್ದವು. ಮಂಗಳೂರಿನ ಹಳೆ ವ್ಯಾಪಾರಿ ಮನೆತನಗಳಲ್ಲಿ ಅಂಥ ಕಾಗದ ಇದ್ದರೂ ಇರಬಹುದು, ಅಟ್ಟ ನೋಡಿ.

ದೂರ ಹೋಗುವುದೇ ಬೇಡ. ಎಡ್ವರ್ಡ್, ಜಾರ್ಜ್ ರಾಜರ ಕಾಲದ ಅಗ್ಗದ ಚೀಟಿಗಳ ಮೇಲೆ ನಮ್ಮೂರುಗಳ ದುಂಡು ಠಸ್ಸೆ ಹುಡುಕಿ. "ಕ್ಲೋಸ್‌ಪೇಟ್" ಅಂತ ಇಂಗ್ಲಿಷಿನಲ್ಲಿ ಸಿಕ್ಕರೆ ಅದು ಇವತ್ತಿನ ರಾಮನಗರ. "ಫ್ರೆಂಚ್ ರಾಕ್ಸ್" ಅಂದರೆ ಪಾಂಡವಪುರ. ಟಿಪ್ಪು ಸುಲ್ತಾನನ ಕಾಲದ ಫ್ರೆಂಚ್ ಸೈನಿಕರ ನೆನಪಿನ ಹೆಸರದು. "ಮರ್ಕಾರಾ" ಮಡಿಕೇರಿ. ಚೀಟಿಯ ಬೆಲೆ ಎರಡು ರೂಪಾಯಿ. ಆದರೆ ಆ ಊರಿನ ಠಸ್ಸೆ ಕೂಡಿಸುವವನು ಇನ್ನೂರು ಕೊಟ್ಟು ಒಯ್ಯುತ್ತಾನೆ. ನಾನೇ ಒಯ್ದಿದ್ದೇನೆ.

ಮೈಸೂರಿನವರು ಇಲ್ಲಿ ಜಾಸ್ತಿ ಇದ್ದೀರಿ, ನಿಮಗೊಂದು ಮಾತು. ಮೈಸೂರು ಸಂಸ್ಥಾನಕ್ಕೆ ಚಿಕ್ಕದೇವರಾಜ ಒಡೆಯರ ಕಾಲದಿಂದ, 1672ರಿಂದ, ತನ್ನದೇ ಅಂಚೆ ಇತ್ತು. "ಅಂಚೆ" ಅನ್ನುವ ಮಾತು ನಮ್ಮಲ್ಲಿ ಅಷ್ಟು ಗಟ್ಟಿಯಾಗಿ ನಿಂತಿದ್ದರಲ್ಲಿ ಅದರ ಪಾಲೂ ಇದೆ. 1889ರಲ್ಲಿ ಅದು ಬ್ರಿಟಿಷ್ ಅಂಚೆಯ ಜೊತೆ ಸೇರಿಹೋಯಿತು. ಆದರೆ ಮೈಸೂರು ಅಂಚೆ ತನ್ನದೇ ಅಂಚೆಚೀಟಿ ಹೊರಡಿಸಲಿಲ್ಲ. ಆದ್ದರಿಂದ ಯಾರಾದರೂ "ಮೈಸೂರು ಸಂಸ್ಥಾನದ ಅಂಚೆಚೀಟಿ" ಅಂತ ಮಾರಲು ಬಂದರೆ ಅದು ಕೋರ್ಟ್ ಫೀ ಅಥವಾ ರೆವೆನ್ಯೂ ಸ್ಟಾಂಪು. ಅದಕ್ಕೂ ಸಂಗ್ರಾಹಕರಿದ್ದಾರೆ, ಬೇಡ ಅನ್ನುವುದಿಲ್ಲ. ಅಂಚೆಚೀಟಿಯ ಬೆಲೆ ಕೊಡಬೇಡಿ ಅಂತಷ್ಟೆ. ಹಾಗೇ ಬ್ರಿಟಿಷರ ಅರ್ಧ ಆಣೆ, ಒಂದಾಣೆ ಚೀಟಿಗಳ ಮೇಲೆ 1906ರಿಂದ "ಪೋಸ್ಟೇಜ್ ಅಂಡ್ ರೆವೆನ್ಯೂ" ಅಂತ ಬಂತು. ಕಾಗದಕ್ಕೂ ಆಯಿತು, ಸಾಲದ ರಸೀದಿಗೂ ಆಯಿತು. ಅಡ್ಡಲಾಗಿ ಶಾಯಿಯಲ್ಲಿ ರುಜು ಇದ್ದರೆ ಅದು ರಸೀದಿಗೆ ಹೋದದ್ದು. ಅದಕ್ಕೆ ಬೆಲೆ ಇಲ್ಲ ಅನ್ನಬಹುದು.

ನಾನು ಹುಟ್ಟಿದ್ದು ರಾಯಚೂರಿನಲ್ಲಿ. ಅಲ್ಲಿ ಲೆಕ್ಕವೇ ಬೇರೆ. ರಾಯಚೂರು, ಕಲಬುರಗಿ, ಬೀದರ ನಿಜಾಮರಲ್ಲಿದ್ದವು. ನಿಜಾಮರಿಗೆ 1869ರಿಂದಲೂ ಸ್ವಂತ ಚೀಟಿ. ಸಂಸ್ಥಾನದ ಒಳಗೆ ಮಾತ್ರ ನಡೆಯುತ್ತಿತ್ತು. ಹೊರಗೆ ಕಾಗದ ಹಾಕಬೇಕಾದರೆ ಬ್ರಿಟಿಷ್ ಭಾರತದ ಚೀಟಿ ಬೇಕು. 1931ರ ಸರಣಿಯಲ್ಲಿ ಒಂದಾಣೆಗೆ ಚಾರ್‌ಮಿನಾರ್, ಹನ್ನೆರಡಾಣೆಗೆ ನಮ್ಮ ಬೀದರಿನ ಮಹಮೂದ್ ಗವಾನನ ಮದರಸ. ಕರ್ನಾಟಕದ ಕಟ್ಟಡವೊಂದು ಗೋಳಗುಮ್ಮಟಕ್ಕಿಂತ ಹದಿನೆಂಟು ವರ್ಷ ಮೊದಲೇ ಚೀಟಿಯ ಮೇಲೆ ಬಂದಿತ್ತು.

ನಮ್ಮಜ್ಜ ಹತ್ತಿ ವ್ಯಾಪಾರದವರು. ಅವರ ಕಾಗದಗಳ ಕಟ್ಟು ಒಂದು ಡಬ್ಬಿಯಲ್ಲಿತ್ತು. ನನಗೆ ಹತ್ತು ವರ್ಷ. ಸ್ಟಾಂಪ್ ಕೂಡಿಸುವ ಹುಚ್ಚು ಆಗಷ್ಟೇ ಹಿಡಿದಿತ್ತು. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಆ ಕಟ್ಟು ಬಿಚ್ಚಿದೆ. ಹಂಡೆಯಿಂದ ಬಿಸಿನೀರು ತಂದು ಲಕೋಟೆಗಳನ್ನೆಲ್ಲ ಬಕೆಟ್ಟಿಗೆ ಅದ್ದಿದೆ. ಚೀಟಿ ಬಿಟ್ಟುಕೊಂಡವು. ಒರೆಸಿ, ನೋಟ್‌ಬುಕ್ಕಿನಲ್ಲಿ ಮೈದಾ ಅಂಟು ಹಚ್ಚಿ ಸಾಲಾಗಿ ಅಂಟಿಸಿದೆ. ಒದ್ದೆ ಲಕೋಟೆಗಳನ್ನು ಯಾರಿಗೂ ಕಾಣದ ಹಾಗೆ ಬಚ್ಚಲೊಲೆಗೆ ತುರುಕಿದೆ. ಅವುಗಳ ಮೇಲೆ ಉರ್ದುವಿನಲ್ಲಿ ಊರ ಹೆಸರಿನ ದುಂಡು ಠಸ್ಸೆಗಳಿದ್ದವು. ನನಗೆ ಓದಲು ಬರುತ್ತಿರಲಿಲ್ಲ. ಕೆಲವಕ್ಕೆ ಒಂದೇ ಕವರಿನ ಮೇಲೆ ನಿಜಾಮರದ್ದೂ ಬ್ರಿಟಿಷ್ ರಾಜನದ್ದೂ ಎರಡೂ ಚೀಟಿ ಇದ್ದ ನೆನಪು. ಆ ನೋಟ್‌ಬುಕ್ ಈಗಲೂ ನನ್ನ ಹತ್ತಿರವಿದೆ. ಮೂವತ್ತೊಂದು ಚೀಟಿ. ಹತ್ತು ಇಪ್ಪತ್ತು ರೂಪಾಯಿಯವು. ಒಲೆಗೆ ಹೋದ ಲಕೋಟೆಗಳ ಲೆಕ್ಕ ಹಾಕಲು ನಾನು ಒಮ್ಮೆ ಕೂತಿದ್ದೆ, ಅರ್ಧಕ್ಕೇ ಎದ್ದೆ.

ಅದಕ್ಕೇ ಹೇಳುವುದು. 1950ಕ್ಕಿಂತ ಹಿಂದಿನ ಯಾವ ಚೀಟಿಯನ್ನೂ ಲಕೋಟೆಯಿಂದ ಬಿಡಿಸಬೇಡಿ. ನಂತರದ ಸಾಮಾನ್ಯ ಚೀಟಿಯನ್ನು ಬಿಡಿಸಲೇಬೇಕೆಂದರೆ ಸುತ್ತ ಒಂದಿಂಚು ಬಿಟ್ಟು ಕತ್ತರಿಸಿ. ತಣ್ಣೀರಿನಲ್ಲಿ ಅರ್ಧ ಗಂಟೆ ತೇಲಿಬಿಡಿ. ತಾನಾಗಿ ಜಾರಬೇಕು, ಎಳೆಯಬಾರದು. ಆಮೇಲೆ ಬೋರಲು ಒಣಗಿಸಿ. ಬಿಸಿನೀರು ಬೇಡ. ಬಿಸಿನೀರಿನ ವಿಷಯ ನನಗೆ ಗೊತ್ತು.

ಎಲ್ಲ ಠಸ್ಸೆಯೂ ಪ್ರಾಮಾಣಿಕ ಅಲ್ಲ ಅನ್ನುವುದನ್ನೂ ಹೇಳಬೇಕು. ನಿಮ್ಮಲ್ಲಿ ಅರವತ್ತು ದಾಟಿದವರಿಗೆ ನೆನಪಿರಬಹುದು. ಸ್ಕೂಲ್ ಹತ್ತಿರದ ಅಂಗಡಿಯಲ್ಲಿ ಐವತ್ತು ಚೀಟಿಯ ಪ್ಯಾಕೆಟ್ ಸಿಗುತ್ತಿತ್ತು. ಅಜ್ಮಾನ್, ಫುಜೈರಾ, ಶಾರ್ಜಾ. ಬಣ್ಣ ಬಣ್ಣದ ಕುದುರೆ, ರಾಕೆಟ್, ಒಲಿಂಪಿಕ್ಸ್. ಮೂಲೆಯಲ್ಲಿ ಕಾಲು ವೃತ್ತದ ಅಚ್ಚುಕಟ್ಟಾದ ಠಸ್ಸೆ. ಹಿಂದೆ ತಿರುಗಿಸಿದರೆ ಗೋಂದು ಹಾಗೇ ಇದೆ! ಠಸ್ಸೆ ಇದೆ, ಗೋಂದೂ ಇದೆ ಅಂದರೆ ಆ ಚೀಟಿ ಕಾಗದದ ಮುಖವನ್ನೇ ನೋಡಿಲ್ಲ. ಸಂಗ್ರಾಹಕರಿಗೆ ಮಾರಲಿಕ್ಕೆ ಅಂತಲೇ ಹಾಳೆಗಟ್ಟಲೆ ಠಸ್ಸೆ ಹೊಡೆದದ್ದು. ಇದಕ್ಕೆ ತಿರುಗಾಮುರುಗಾ ಇನ್ನೊಂದಿದೆ. 1923ರ ಜರ್ಮನಿ. ದುಡ್ಡಿಗೆ ಬೆಲೆಯೇ ಇಲ್ಲದ ಕಾಲ. ಚೀಟಿಯ ಮೇಲೆ ಲಕ್ಷ, ಕೋಟಿ ಮಾರ್ಕ್. ವಾರ ಕಳೆಯುವುದರಲ್ಲಿ ಆ ಚೀಟಿ ಸಾಲದು. ಹೊಸದು ಕಟ್ಟುಗಟ್ಟಲೆ ಉಳಿಯಿತು. ಆ ಕೆಲವೇ ದಿನ ನಿಜವಾಗಿ ಕಾಗದಕ್ಕೆ ಅಂಟಿದವು ಕಡಿಮೆ. ಹಾಗಾಗಿ ಅಲ್ಲಿ ಬಳಸಿದ್ದಕ್ಕೇ ಬೆಲೆ, ಹೊಸದು ಪುಕ್ಕಟೆ. ಪುಕ್ಕಟೆ ಚೀಟಿಗೆ ಸುಳ್ಳು ಠಸ್ಸೆ ಹೊಡೆಯುವವರೂ ಹುಟ್ಟಿಕೊಂಡರು.

ಕೊನೆಗೆ ದುಡ್ಡಿನ ವಿಷಯ. ಲಂಡನ್ನಿನ ಚೀಟಿ ವ್ಯಾಪಾರಿ ಸ್ಟ್ಯಾನ್ಲಿ ಗಿಬ್ಬನ್ಸ್ ಕಂಪನಿಯ ಕ್ಯಾಟಲಾಗು ತೆರೆದರೆ ಪ್ರತಿ ಚೀಟಿಗೆ ಎರಡು ಬೆಲೆ. ಒಂದು ಹೊಸದಕ್ಕೆ, ಒಂದು ಬಳಸಿದ್ದಕ್ಕೆ. ಅದು ಒಳ್ಳೆ ಸ್ಥಿತಿಯ ಚೀಟಿಯನ್ನು ಅವರ ಅಂಗಡಿಯಲ್ಲಿ ನೀವು ಕೊಳ್ಳುವ ಬೆಲೆ. ನೀವು ಮಾರುವ ಬೆಲೆ ಅಲ್ಲ. ಚಿನ್ನದಂಗಡಿಯ ಬೋರ್ಡಿನ ರೇಟು ನೋಡಿ ಹಳೆ ಬಳೆ ಒಯ್ದವರಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಅಂತರ ಇನ್ನೂ ದೊಡ್ಡದು. ವ್ಯಾಪಾರಿ ನಾಲ್ಕನೇ ಒಂದು ಭಾಗ ಕೊಟ್ಟರೆ ಮೋಸ ಮಾಡಿದ ಅನ್ನಬೇಡಿ. ಇನ್ನು ಕ್ಯಾಟಲಾಗಿನ ಅತಿ ಕಡಿಮೆ ಬೆಲೆ ಇರುತ್ತದಲ್ಲ, ಅದು ಚೀಟಿಯ ಬೆಲೆಯೇ ಅಲ್ಲ. ಹುಡುಕಿ, ಕವರಿಗೆ ಹಾಕಿ ಕೊಡುವ ಕೂಲಿ.

ನಿಜವಾದ ಬೆಲೆ ಬೇಕಾದರೆ ಹರಾಜಿನಲ್ಲಿ ಈಚೆಗೆ ಎಷ್ಟಕ್ಕೆ ಹೋಗಿದೆ ನೋಡಿ. ಎಷ್ಟು ಕೇಳುತ್ತಿದ್ದಾರೆ ಅಂತಲ್ಲ, ಎಷ್ಟಕ್ಕೆ ಹೋಯಿತು ಅಂತ. ಆನ್‌ಲೈನಿನಲ್ಲಿ ನಾನೂ ನನ್ನ ಚಪ್ಪಲಿಗೆ ಕೋಟಿ ಕೇಳಬಹುದು. ದೊಡ್ಡ ಮೊತ್ತದ ಚೀಟಿಯಾದರೆ ತಜ್ಞರ ಸರ್ಟಿಫಿಕೇಟ್ ಇಲ್ಲದೆ ಕೊಳ್ಳಲೂ ಬೇಡಿ, ಮಾರಲೂ ಬೇಡಿ. ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯಂಥವರು ಕೊಡುತ್ತಾರೆ. ಅದಕ್ಕೆ ಶುಲ್ಕವಿದೆ. ಇನ್ನೂರು ರೂಪಾಯಿಯ ಚೀಟಿಗೆ ಮಾಡಿಸಿದರೆ ನಗೆಪಾಟಲು. ಅಂಚೆ ಇಲಾಖೆಯ ಕರ್ನಾಪೆಕ್ಸ್ ಪ್ರದರ್ಶನ ನಡೆದಾಗ ಹೋಗಿ ಬನ್ನಿ. ಹತ್ತು ವ್ಯಾಪಾರಿಗಳ ಮೇಜು ಸುತ್ತಿದರೆ ಯಾವುದು ಅಗ್ಗ, ಯಾವುದು ತುಟ್ಟಿ ಅಂತ ಒಂದೇ ದಿನದಲ್ಲಿ ಕಣ್ಣು ಪಳಗುತ್ತದೆ.

ಜಗತ್ತಿನ ಅತಿ ದುಬಾರಿ ಚೀಟಿ ಯಾವುದು ಅಂತ ಯಾರೋ ಕಾಗದದ ತುಂಡಿನಲ್ಲಿ ಬರೆದು ಕಳಿಸಿದ್ದಾರೆ. ಬ್ರಿಟಿಷ್ ಗಯಾನಾದ 1856ರ ಒಂದು ಸೆಂಟ್. ಅದೂ ಬಳಸಿದ್ದೇ! ಠಸ್ಸೆ ಇದೆ, ಗುಮಾಸ್ತೆಯ ಕೈಬರಹದ ಸಹಿ ಇದೆ, ಮೂಲೆಗಳು ಕತ್ತರಿಸಿವೆ. 1873ರಲ್ಲಿ ಹನ್ನೆರಡು ವರ್ಷದ ಒಬ್ಬ ಹುಡುಗನಿಗೆ ಸಿಕ್ಕಿತು. ಅವನು ಆರು ಶಿಲಿಂಗಿಗೆ ಮಾರಿದ. 2014ರಲ್ಲಿ ಸುಮಾರು 95 ಲಕ್ಷ ಡಾಲರಿಗೆ ಹೋಯಿತು. 2021ರಲ್ಲಿ ಮತ್ತೆ ಮಾರಿದಾಗ 83 ಲಕ್ಷ. ಬೆಲೆ ಇಳಿಯುತ್ತದೆ ಕೂಡ, ನೋಡಿ.

ಸರಿ, ಈ ಅರ್ಧ ಆಣೆಯನ್ನು ವಾಪಸ್ ಕೊಡಬೇಕು. ಅದಕ್ಕೆ ಮೊದಲು ಇದರ ಠಸ್ಸೆ ನೋಡೋಣ. ಭೂತಗನ್ನಡಿ ಹಿಡಿದರೆ ಕಪ್ಪು ಗೆರೆಗಳು ಕಾಣುತ್ತವೆ. ನಡುವೆ ಒಂದು ಅಂಕಿಯ ತುಂಡು. ಊರ ಹೆಸರಿಲ್ಲ. ಯಾಕೆ ಗೊತ್ತಾ? ಇದು ಜೋಡಿ ಠಸ್ಸೆ. ಒಂದೇ ಹಿಡಿಗೆ ಎರಡು ಮುಖ. ಒಂದೇ ಪೆಟ್ಟಿಗೆ ಬಲಗಡೆಯ ಗೆರೆಗಳು ಚೀಟಿಯ ಮೇಲೆ ಬೀಳುತ್ತಿದ್ದವು, ಎಡಗಡೆಯ ವೃತ್ತ ಲಕೋಟೆಯ ಮೇಲೆ. ಊರು, ತಾರೀಕು ಎರಡೂ ಆ ವೃತ್ತದಲ್ಲಿರುತ್ತವೆ. ಅಂದರೆ ಈ ಚೀಟಿಯ ಅರ್ಧ ಕಥೆ ಬೇರೆಲ್ಲೋ ಇದೆ.

ಯಜಮಾನರೇ, ಇದನ್ನು ಯಾವುದರಿಂದ ಬಿಡಿಸಿದಿರಿ?

"ಕಾಗದದ ಕವರಿನಿಂದ ಸರ್. ಕವರು ಮನೆಯಲ್ಲೇ ಇದೆ. ಅಂಥವು ಇನ್ನೂ ಹತ್ತಿಪ್ಪತ್ತು ಇವೆ, ಹುಳ ಬರುತ್ತೆ ಅಂತ ನಮ್ಮನೆಯವರು ಸುಡಬೇಕು ಅಂತಿದ್ದಾರೆ."

ಈಗಲೇ ಮನೆಗೆ ಒಂದು ಫೋನ್ ಮಾಡಿ ಬನ್ನಿ. ನಾವು ಕಾಯುತ್ತೇವೆ.